ಕಾಡುಕುರಿಯ ಆರು ಎಳೆ ಮತ್ತು ನೀರಿನ ನಡುವಿನ ಕಾಡು

ಕಾಡುಕುರಿ ಅಂದಕೂಡಲೇ ಬಯಲುಸೀಮೆಯ ಗೆಳೆಯರು ಕೇಳುವ ಮೊದಲ ಪ್ರಶ್ನೆ, "ಅದಕ್ಕೂ ಉಣ್ಣೆ ಇರತ್ತಾ?" ಅಂತ. ಇಲ್ಲ ಮಾರಾಯ್ರೇ, ಅದು ಕುರಿಯೇ ಅಲ್ಲ! ಜಿಂಕೆಯ ಕುಟುಂಬದ್ದು. ಕೆಂಗಂದು ಮೈ, ಇಪ್ಪತ್ತು ಇಪ್ಪತ್ತೈದು ಕೆಜಿ ತೂಕ, ಗಂಡಿಗಾದರೆ ರೋಮ ಮುಚ್ಚಿದ ಉದ್ದನೆಯ ಬುಡದ ಮೇಲೆ ಚಿಕ್ಕ ಕೊಂಬು, ಮೇಲ್ದವಡೆಯಿಂದ ಇಣುಕುವ ಪುಟ್ಟ ಕೋರೆಹಲ್ಲು. ಹೆದರಿದರೆ ನಾಯಿ ಥರ ಬೊಗಳುತ್ತದೆ. ಇಂಗ್ಲಿಷಿನವರು ಅದನ್ನೇ ಹಿಡಿದು ಬಾರ್ಕಿಂಗ್ ಡಿಯರ್ ಅಂದರು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಕಾಡಂಚಿನ ಮನೆಗಳಲ್ಲಿ ಆ ಕೂಗು ಕೇಳಿದರೆ "ಏನೋ ಕಂಡಿದೆ ಅದಕ್ಕೆ" ಅನ್ನುತ್ತಾರೆ. ಹುಲಿಯೋ, ಚಿರತೆಯೋ, ಸೀಳುನಾಯಿಯೋ, ಕೋವಿ ಹಿಡಿದ ಮನುಷ್ಯನೋ... ಕಾಡಿನ ಕಾವಲುಗಾರ ಅದು.

ಈ ಸಾಧು ಪ್ರಾಣಿಗೆ ವಿಜ್ಞಾನದ ಚರಿತ್ರೆಯಲ್ಲಿ ಒಂದು ದೊಡ್ಡ ಜಾಗ ಇದೆ ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಐವತ್ತೈದು ವರ್ಷಗಳಿಂದ ಜಗತ್ತಿನ ಎಷ್ಟೋ ಪ್ರಯೋಗಾಲಯಗಳಲ್ಲಿ ಇದರ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುತ್ತಿದ್ದಾರೆ. ಇದರ ಪೂರ್ತಿ ಜೀನೋಮನ್ನು ಓದಿ ಜೋಡಿಸಿಯೂ ಆಗಿದೆ. ಆದರೆ ಹಾಗೆ ಓದಿದ್ದು ಯಾವ ಕಾಡುಕುರಿಯ ಜೀನೋಮು? ಲಿಂಗನಮಕ್ಕಿ ಹಿನ್ನೀರಿನ ದಂಡೆಯಲ್ಲಿ ಬೊಗಳುವ ನಮ್ಮ ಕಾಡುಕುರಿಯದ್ದಾ? ಈ ಬರಹ ಅದರ ಬಗ್ಗೆ. ಸ್ವಲ್ಪ ಉದ್ದ ಇದೆ, ಕಾಫಿ ಹಿಡಿದುಕೊಂಡೇ ಕೂರಿ.

ಮೊದಲು ಹೆಸರಿನ ಕಥೆ. 1780ರಲ್ಲಿ ಝಿಮ್ಮರ್‌ಮನ್ ಎಂಬ ಜರ್ಮನ್ ವಿದ್ವಾಂಸ ಜಾವಾ ದ್ವೀಪದ ಕಾಡುಕುರಿಗೆ ಶಾಸ್ತ್ರೀಯ ಹೆಸರು ಕೊಟ್ಟ. ಅಲ್ಲಿನ ಸುಂಡಾ ಭಾಷೆಯ ಪದದಿಂದ ಬಂದ 'ಮುಂಟ್ಜಾಕ್' ಹಾಗೇ ಉಳಿಯಿತು. 1785ರಲ್ಲಿ ಬೊಡ್ಡಾರ್ಟ್ ಎಂಬ ಡಚ್ಚಿನವನು ಬಂಗಾಳದ ಕಡೆಯ ಪ್ರಾಣಿಗೆ ಇನ್ನೊಂದು ಹೆಸರಿಟ್ಟ. ದಕ್ಷಿಣದ ಪಶ್ಚಿಮ ಘಟ್ಟದ ಪ್ರಾಣಿಗೆ ಬೇರೆ ಹೆಸರು ಸಿಕ್ಕಿದ್ದು 1915ರಲ್ಲಿ. ರಿಚರ್ಡ್ ಲೈಡೆಕರ್ ಅದನ್ನು 'ಮಲಬಾರಿಕಸ್' ಅಂತ ಕರೆದ. ಆದರೆ ಅದು ಉಪಜಾತಿಯ ಹೆಸರು ಮಾತ್ರ. ಶ್ರೀಲಂಕಾದಿಂದ ಹಿಡಿದು ಬೋರ್ನಿಯೋ ತನಕ ಇರುವುದೆಲ್ಲ ಒಂದೇ ಜಾತಿ, ಅದರೊಳಗೆ ಇವೆಲ್ಲ ಸಣ್ಣಪುಟ್ಟ ವ್ಯತ್ಯಾಸ ಅಂತಲೇ ಬಹುಕಾಲ ಎಲ್ಲರೂ ಅಂದುಕೊಂಡಿದ್ದರು. ಚರ್ಮದ ಬಣ್ಣ, ಬುರುಡೆಯ ಅಳತೆ, ಕೊಂಬಿನ ಉದ್ದ ಇಷ್ಟನ್ನೇ ನೋಡಿ ಇನ್ನೇನು ತಾನೇ ಹೇಳೋಕಾಗತ್ತೆ?

ಕಥೆಗೆ ತಿರುವು ಬಂದಿದ್ದು ಸೂಕ್ಷ್ಮದರ್ಶಕದಡಿಯಲ್ಲಿ.

ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳಿವೆ ಎಂದು ಖಚಿತವಾಗಿದ್ದೇ 1956ರಲ್ಲಿ. ಅದಕ್ಕೂ ಮುಂಚೆ 48 ಅಂತ ಪಾಠ ಹೇಳುತ್ತಿದ್ದರು! ಎಣಿಸುವ ವಿಧಾನ ಪಳಗಿದ ಮೇಲೆ ಒಂದೊಂದೇ ಪ್ರಾಣಿಯದನ್ನು ಎಣಿಸುವ ಉತ್ಸಾಹ ಹುಟ್ಟಿಕೊಂಡಿತು. ಡೋರಿಸ್ ವುರ್ಸ್ಟರ್ ಮತ್ತು ಕರ್ಟ್ ಬೆನಿರ್ಷ್ಕೆ ಎಂಬಿಬ್ಬರು ಅಮೆರಿಕದಲ್ಲಿ ಜಿಂಕೆ ಜಾತಿಗಳ ಹಿಂದೆ ಬಿದ್ದಿದ್ದರು. ಚೀನಾದ ಕಾಡುಕುರಿಯಲ್ಲಿ 46 ಎಂದು ಆಗಲೇ ಗೊತ್ತಾಗಿತ್ತು. ಭಾರತದ ಕಾಡುಕುರಿ ಅದರ ಹತ್ತಿರದ ನೆಂಟ, ನೋಡೋಕೂ ಹೆಚ್ಚುಕಮ್ಮಿ ಹಾಗೇ ಇದೆ. ಹಾಗಾಗಿ ಇಲ್ಲೂ ಅಷ್ಟೇ ಇರಬೇಕು ಅನ್ನುವುದು ಸಹಜ ಲೆಕ್ಕಾಚಾರ. ಎಣಿಸಿ ನೋಡಿದರೆ ಹೆಣ್ಣಿನಲ್ಲಿ ಬರೇ ಆರು. ಗಂಡಿನಲ್ಲಿ ಏಳು. 1970ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಸಸ್ತನಿಗಳಲ್ಲಿ ಇಷ್ಟು ಕಡಿಮೆ ಸಂಖ್ಯೆ ಇನ್ಯಾವುದರಲ್ಲೂ ಇಲ್ಲ, ಆ ದಾಖಲೆ ಇವತ್ತಿಗೂ ನಮ್ಮ ಕಾಡುಕುರಿಯ ಹೆಸರಲ್ಲೇ ಇದೆ.

ಗಂಡಿಗೆ ಯಾಕೆ ಒಂದು ಜಾಸ್ತಿ? ಲಿಂಗ ನಿರ್ಧರಿಸುವ ಎಕ್ಸ್ ವರ್ಣತಂತು ಬೇರೊಂದು ಸಾಮಾನ್ಯ ವರ್ಣತಂತುವಿಗೆ ಅಂಟಿಕೊಂಡುಬಿಟ್ಟಿದೆ. ಹೆಣ್ಣಿನಲ್ಲಿ ಅಂಥವು ಎರಡು, ಲೆಕ್ಕ ಸರಿಹೋಗುತ್ತದೆ. ಗಂಡಿನಲ್ಲಿ ಅಂಟಿಕೊಂಡಿದ್ದು ಒಂದೇ. ಅದರ ಜೊತೆಗೆ ಒಂಟಿ ವೈ, ಮತ್ತು ಅಂಟಿಕೊಳ್ಳದೆ ಉಳಿದ ಇನ್ನೊಂದು. ಹೀಗಾಗಿ ಏಳು.

ಹಾಗಾದರೆ ಉಳಿದ ನಲವತ್ತು ಎಲ್ಲಿ ಹೋದವು? ಎಲ್ಲೂ ಹೋಗಿಲ್ಲ. 1975ರಲ್ಲಿ ಟಿ. ಸಿ. ಹ್ಸು, ಸೇನ್ ಪಾಠಕ್ ಮತ್ತು ಟಿ. ಆರ್. ಚೆನ್ ಒಂದು ವಿವರಣೆ ಮುಂದಿಟ್ಟರು. ಸಣ್ಣ ಸಣ್ಣ ವರ್ಣತಂತುಗಳು ಒಂದರ ಬಾಲಕ್ಕೆ ಇನ್ನೊಂದರ ತಲೆ ಎಂಬಂತೆ ಸಾಲಾಗಿ ಬೆಸೆದುಕೊಂಡು ಈ ದೊಡ್ಡ ವರ್ಣತಂತುಗಳಾಗಿರಬೇಕು ಅಂತ. ರೈಲಿನ ಬೋಗಿಗಳ ಥರ. ಬೋಗಿಯೊಳಗಿನ ಸಾಮಾನು ಅಷ್ಟೇ ಇದೆ, ಬಿಡಿ ಬೋಗಿಗಳು ಮಾತ್ರ ಕಡಿಮೆಯಾಗಿವೆ. 1980ರಲ್ಲಿ ಚೀನಾದ ಕುನ್ಮಿಂಗಿನಲ್ಲಿ ಶೀ ಲಿಮಿಂಗ್ ಮತ್ತು ಜೊತೆಗಾರರು ಚೀನಾದ ಕಾಡುಕುರಿಗೂ ಭಾರತದ್ದಕ್ಕೂ ಹುಟ್ಟಿದ ಮಿಶ್ರತಳಿಯ ಮರಿಗಳ ವರ್ಣತಂತುಗಳನ್ನು ವರದಿ ಮಾಡಿದರು. 46ರದ್ದು ಒಂದು, 6-7ರದ್ದು ಒಂದು, ಆದರೂ ಮರಿ ಹುಟ್ಟಿತು! ಎರಡರ ಸಾಮಾನು ಅಷ್ಟರಮಟ್ಟಿಗೆ ಒಂದೇ ಇತ್ತು ಅಂತಾಯಿತಲ್ಲ.

ಆರೇ ಆರು, ಅದೂ ಭಾರೀ ಗಾತ್ರದವು. ಸೂಕ್ಷ್ಮದರ್ಶಕದಡಿ ನೋಡೋಕೆ ಇದಕ್ಕಿಂತ ಅನುಕೂಲ ಏನು ಬೇಕು? ಹಾಗಾಗಿ ಕೋಶ ಹೇಗೆ ವಿಭಜನೆಯಾಗುತ್ತದೆ, ವರ್ಣತಂತುಗಳನ್ನು ಆಚೀಚೆ ಎಳೆಯುವ ದಾರಗಳು ಹೇಗೆ ಕೆಲಸ ಮಾಡುತ್ತವೆ ಎಂದು ಕಲಿಯುವವರಿಗೆಲ್ಲ ಕಾಡುಕುರಿಯ ಕೋಶಗಳು ಬೇಕಾದವು. ಕಾಡಿನಲ್ಲಿ ಎಲೆ ಅಲುಗಿದರೂ ಓಡುವ ಪ್ರಾಣಿ, ಪ್ರಯೋಗಾಲಯದಲ್ಲಿ ಪಾಠದ ಪ್ರಾಣಿಯಾಯಿತು.

* * *

ಈಗ ಜೀನೋಮಿಗೆ ಬರೋಣ. ವರ್ಣತಂತುಗಳನ್ನು ಎಣಿಸುವುದು ಅಂದರೆ ಕಪಾಟಿನಲ್ಲಿ ಎಷ್ಟು ಪುಸ್ತಕ ಇವೆ ಅಂತ ಎಣಿಸಿದ ಹಾಗೆ. ಜೀನೋಮ್ ಓದುವುದು ಅಂದರೆ ಅಷ್ಟೂ ಪುಸ್ತಕಗಳ ಒಂದೊಂದೇ ಅಕ್ಷರ ಓದಿದ ಹಾಗೆ. ಜಿಂಕೆಗಳಲ್ಲಿ ಅದು ಸುಮಾರು 250 ಕೋಟಿ ಅಕ್ಷರ. ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದದ್ದು.

ತೊಂದರೆ ಏನೆಂದರೆ, ಯಾವ ಯಂತ್ರವೂ ಮೊದಲ ಪುಟದಿಂದ ಕೊನೆಯ ಪುಟದ ತನಕ ಒಂದೇ ಉಸಿರಿಗೆ ಓದುವುದಿಲ್ಲ. ಒಂದೇ ಪುಸ್ತಕದ ಐವತ್ತು ಅರವತ್ತು ಪ್ರತಿಗಳನ್ನು ಕೈಗೆ ಬಂದಂತೆ ಹರಿದು, ಚೂರುಗಳನ್ನೆಲ್ಲ ಅಂಗಳದಲ್ಲಿ ರಾಶಿ ಹಾಕಿ, ಒಂದು ಚೂರಿನ ಕೊನೆಯ ಸಾಲು ಇನ್ನೊಂದರ ಮೊದಲ ಸಾಲಿಗೆ ತಾಳೆಯಾಗುತ್ತದಾ ಎಂದು ನೋಡುತ್ತಾ ಜೋಡಿಸಬೇಕು. ಓದುವುದಕ್ಕಿಂತ ಈ ಜೋಡಿಸುವುದೇ ಕಷ್ಟದ ಕೆಲಸ. ಯಾಕೆಂದರೆ ಜೀನೋಮಿನಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುವುದು ಬಹಳ. ಭಜನೆ ಪುಸ್ತಕ ಹರಿದುಹೋಗಿದೆ ಅಂದುಕೊಳ್ಳಿ. ಬರೇ ಪಲ್ಲವಿ ಇರುವ ಚೂರು ಕೈಗೆ ಸಿಕ್ಕರೆ ಅದು ಯಾವ ಚರಣದ ನಂತರದ್ದು ಅಂತ ಹೇಗೆ ಹೇಳುವುದು? ಕಾಡುಕುರಿಯ ವರ್ಣತಂತುಗಳು ಬೆಸೆದ ಜಾಗಗಳಲ್ಲಿ ಇರುವುದೇ ಇಂಥ ಪಲ್ಲವಿ.

ಇದಕ್ಕೊಂದು ಚೆಂದದ ಉಪಾಯ ಇದೆ, ಹೈ-ಸಿ ಅಂತ ಅದರ ಹೆಸರು. ಜೀವಕೋಶದೊಳಗೆ ಡಿಎನ್ಎ ದಾರದ ಉಂಡೆಯ ಹಾಗೆ ಮಡಚಿಕೊಂಡಿರುತ್ತದೆ. ಆ ಉಂಡೆಯಲ್ಲಿ ಯಾವ ಚೂರಿನ ಪಕ್ಕ ಯಾವ ಚೂರು ಇತ್ತು ಎಂದು ಹಾಗೇ ಅಂಟಿಸಿ ಗುರುತು ಹಾಕಿಕೊಳ್ಳುತ್ತಾರೆ. ಮದುವೆ ಮನೆಯ ಪಂಕ್ತಿ ನೆನಪಿಸಿಕೊಳ್ಳಿ. ಯಾರು ಯಾರೆಂದು ಗೊತ್ತಿಲ್ಲದಿದ್ದರೂ, ನಾಲ್ಕು ಮದುವೆಗಳಲ್ಲಿ ಯಾರ ಪಕ್ಕ ಯಾರು ಊಟಕ್ಕೆ ಕೂತರು ಅಂತ ನೋಡಿದರೆ ಯಾರ್‍ಯಾರು ಒಂದೇ ಮನೆಯವರು ಅಂತ ಊಹಿಸಬಹುದಲ್ಲ, ಹಾಗೆ. ಪದೇ ಪದೇ ಪಕ್ಕದಲ್ಲಿ ಸಿಗುವ ಚೂರುಗಳು ಒಂದೇ ವರ್ಣತಂತುವಿನವು.

2019ರಲ್ಲಿ ಮೆಲುಕು ಹಾಕುವ ಪ್ರಾಣಿಗಳ 44 ಜಾತಿಗಳ ಜೀನೋಮನ್ನು ಒಟ್ಟಿಗೆ ಓದಿ ಚೀನಾದವರು ಮುಂದಾಳಾಗಿದ್ದ ದೊಡ್ಡ ತಂಡವೊಂದು 'ಸೈನ್ಸ್'ನಲ್ಲಿ ಪ್ರಕಟಿಸಿತು. 2020ರಲ್ಲಿ ಕ್ಯಾಲಿಫೋರ್ನಿಯಾದ ಮಡ್, ರೊಕ್ಸಾರ್ ಮತ್ತು ಜೊತೆಗಾರರು ಚೀನಾದ ಕಾಡುಕುರಿ ಮತ್ತು ಭಾರತದ ಕಾಡುಕುರಿ ಎರಡರದ್ದನ್ನೂ ಇಡೀ ವರ್ಣತಂತುಗಳ ಮಟ್ಟಕ್ಕೆ ಜೋಡಿಸಿ ಪಕ್ಕಪಕ್ಕದಲ್ಲಿಟ್ಟರು. ಎಪ್ಪತ್ತರ ದಶಕದಲ್ಲಿ ಸೂಕ್ಷ್ಮದರ್ಶಕ ನೋಡಿ ಊಹಿಸಿದ್ದು ಅಕ್ಷರ ಅಕ್ಷರದಲ್ಲಿ ಕಂಡಿತು. ಪಠ್ಯದ ಅನುಕ್ರಮ ಎರಡರಲ್ಲೂ ಬಹುಮಟ್ಟಿಗೆ ಒಂದೇ, ಹಸುವಿನದ್ದಕ್ಕೂ ಹೋಲುತ್ತದೆ. ಬದಲಾಗಿದ್ದು ರಟ್ಟು ಹಾಕಿ ಹೊಲಿದ ರೀತಿ ಮಾತ್ರ. 2021ರಲ್ಲಿ ಚೀನಾದ ಇನ್ನೊಂದು ತಂಡ 70 ವರ್ಣತಂತುಗಳ ನೀರುಜಿಂಕೆ, 46ರ ಚೀನಾ ಕಾಡುಕುರಿ, 8-9ರ ಕಪ್ಪು ಕಾಡುಕುರಿ ಇವುಗಳನ್ನು ಹೋಲಿಸಿ ಬೆಸುಗೆಯ ಜಾಗದಲ್ಲಿರುವ ವಿಚಿತ್ರ ಪುನರಾವರ್ತನೆಗಳನ್ನು ವಿವರಿಸಿತು. ಎಪ್ಪತ್ತು, ನಲವತ್ತಾರು, ಎಂಟು, ಆರು... ಒಂದು ಮನೆತನದ ಆಸ್ತಿ ಪಾಲಾಗುವುದನ್ನು ನಾವೆಲ್ಲ ನೋಡಿದ್ದೇವೆ. ಇಲ್ಲಿ ಪಾಲಾದದ್ದೆಲ್ಲ ಮತ್ತೆ ಒಂದಾಗುತ್ತಾ ಬಂದ ಕಥೆ!

ಸಂತೋಷ. ಆದರೆ 2020ರ ಆ ಪ್ರಬಂಧದಲ್ಲಿ 'ಭಾರತದ ಕಾಡುಕುರಿ' ಅಂತಿರುವುದು ಶಾಸ್ತ್ರೀಯವಾಗಿ ಉತ್ತರದ ಕಾಡುಕುರಿ. ಬೊಡ್ಡಾರ್ಟ್ ಬಂಗಾಳದ ಕಡೆಯದಕ್ಕೆ ಹೆಸರಿಟ್ಟನಲ್ಲ, ಅದು.

* * *

ಇಲ್ಲಿ ಮೂರು ವರ್ಷ ಹಿಂದಕ್ಕೆ, 2017ಕ್ಕೆ ಹೋಗಬೇಕು. ರೆನಾಟಾ ಮಾರ್ಟಿನ್ಸ್, ಆಂಡ್ರಿಯಾಸ್ ವಿಲ್ಟಿಂಗ್ ಮತ್ತು ಜೊತೆಗಾರರು ಒಂದು ಕೆಲಸ ಮಾಡಿದರು. ಹಳೆಯ ಸಂಗ್ರಹಗಳಲ್ಲಿ ಉಳಿದಿದ್ದ 59 ಕಾಡುಕುರಿಗಳ ಮಾದರಿ, ಜೊತೆಗೆ ಈಚಿನ 16 ಮಾದರಿ ಸೇರಿಸಿ, ತಾಯಿಯಿಂದ ಮಾತ್ರ ಬರುವ ಮೈಟೋಕಾಂಡ್ರಿಯಾದ ಡಿಎನ್ಎಯನ್ನು ಪೂರ್ತಿ ಓದಿದರು. ಹಿಂದಿನವರು ಗುಂಡು ಹೊಡೆದು, ಚರ್ಮ ಸುಲಿದು, ಬುರುಡೆಗೆ ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಟ್ಟು ಹೋಗಿದ್ದರಲ್ಲ, ಅವರಿಗೆ ಡಿಎನ್ಎ ಅಂದರೇನೆಂದೇ ಗೊತ್ತಿರಲಿಲ್ಲ. ಆ ಚೀಟಿಯಲ್ಲಿ ಊರಿನ ಹೆಸರು ಬರೆದಿಟ್ಟಿದ್ದೇ ಈಗ ಉಪಕಾರಕ್ಕೆ ಬಂತು.

ಫಲಿತಾಂಶ ಹೀಗಿತ್ತು. ಕೆಂಪು ಕಾಡುಕುರಿಗಳಲ್ಲಿ ಮೂರು ಸ್ಪಷ್ಟ ಕವಲುಗಳಿವೆ. ಮೊದಲು ಬೇರೆಯಾದದ್ದು ಶ್ರೀಲಂಕಾ ಮತ್ತು ಪಶ್ಚಿಮ ಘಟ್ಟದ ಕವಲು, ಸುಮಾರು 15 ಲಕ್ಷ ವರ್ಷಗಳ ಹಿಂದೆ. ಆಮೇಲೆ, ಸುಮಾರು 11 ಲಕ್ಷ ವರ್ಷಗಳ ಹಿಂದೆ, ಉತ್ತರ ಭಾರತ ಮತ್ತು ಇಂಡೋಚೀನಾದ್ದು ಒಂದಾಗಿ, ಜಾವಾ, ಸುಮಾತ್ರಾ, ಬೋರ್ನಿಯೋ ಕಡೆಯದ್ದು ಇನ್ನೊಂದಾಗಿ ಕವಲೊಡೆದವು. ಅಂದರೆ ಹಿಮಾಲಯದ ಬುಡದ ಕಾಡುಕುರಿಗೆ ಬೋರ್ನಿಯೋದ ಕಾಡುಕುರಿ ಹತ್ತಿರದ ನೆಂಟ, ನಮ್ಮ ಆಗುಂಬೆಯದ್ದು ದೂರದ್ದು! ನಡುವೆ ಅಡ್ಡ ಬಂದದ್ದು ಮಧ್ಯಭಾರತದ ಒಣ ಪ್ರದೇಶ. ನೆರಳು, ತೇವ ಬೇಕಾದ ಪ್ರಾಣಿ ಅದನ್ನು ದಾಟಲಿಲ್ಲ. ಇವು ಮೂರು ಬೇರೆ ಜಾತಿಗಳೋ ಮೂರು ಉಪಜಾತಿಗಳೋ ಎಂಬುದನ್ನು ಅವರು ತೀರ್ಮಾನಿಸಲಿಲ್ಲ. ಆದರೆ ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಕವಲಿಗೆ ಸಂರಕ್ಷಣೆಯ ದೃಷ್ಟಿಯಿಂದ ವಿಶೇಷ ಮಹತ್ವ ಇದೆ ಎಂದು ಒತ್ತಿ ಹೇಳಿದರು.

ಇದರಿಂದ ಏನಾಯಿತು? ಅಂಥದ್ದೇನೂ ಆಗಲಿಲ್ಲ, ಅದೇ ನನ್ನ ತಕರಾರು. ಐಯುಸಿಎನ್ 2016ರಲ್ಲಿ ಮಾಡಿದ ಮೌಲ್ಯಮಾಪನದಲ್ಲಿ ನಮ್ಮ ಕಾಡುಕುರಿ ಉತ್ತರದ ಕಾಡುಕುರಿಯ ಲೆಕ್ಕದೊಳಗೇ ಸೇರಿದೆ. ವರ್ಗ: 'ಸದ್ಯಕ್ಕೆ ಚಿಂತೆಯಿಲ್ಲ'. ಅದೇ ಪುಟದಲ್ಲಿ, ಸಂಖ್ಯೆ ಇಳಿಮುಖ ಎಂದೂ ಇದೆ. ನೇಪಾಳದಿಂದ ವಿಯೆಟ್ನಾಂ ತನಕ ಹರಡಿರುವ ಪ್ರಾಣಿಯ ಜೊತೆ ಸೇರಿಸಿ ಸರಾಸರಿ ತೆಗೆದರೆ ಯಾರಿಗೆ ತಾನೇ ಚಿಂತೆಯಾದೀತು? ಕಡವೆಯನ್ನು 2008ರಿಂದ ಅಪಾಯಕ್ಕೀಡಾಗಬಲ್ಲ ಜಾತಿಗಳ ಪಟ್ಟಿಗೆ ಸೇರಿಸಿದ್ದಾರೆ, ಅದು ದೊಡ್ಡದು, ಕಣ್ಣಿಗೆ ಬೀಳುತ್ತದೆ, ಹುಲಿಯ ಊಟ ಎಂಬ ಗೌರವವೂ ಇದೆ. ಕಾಡುಕುರಿ ಒಂಟಿಯಾಗಿ ಪೊದೆಯೊಳಗಿರುವ ಪ್ರಾಣಿ. ಉರುಳಿಗೆ ಬಿದ್ದರೂ ಯಾರಿಗೂ ಸುದ್ದಿಯಾಗುವುದಿಲ್ಲ.

* * *

ಈಗ ನಮ್ಮ ಕಣಿವೆಗೆ ಬರೋಣ. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ. ಹೊಸನಗರ ದಾಟಿ ಸಾಗರ ತಾಲೂಕಿಗೆ ಬಂದು ಜೋಗದಲ್ಲಿ ಧುಮುಕುತ್ತದೆ. ಮೊದಲು ಬಂದದ್ದು ಹಿರೇಭಾಸ್ಕರ ಅಣೆಕಟ್ಟು, 1948ರ ಹೊತ್ತಿಗೆ ಜೋಗದಲ್ಲಿ ಕರೆಂಟು ಶುರುವಾಯಿತು. 1964ರಲ್ಲಿ ಲಿಂಗನಮಕ್ಕಿ ಕಟ್ಟಿ ಮುಗಿದಾಗ ಆ ಹಳೇ ಅಣೆಕಟ್ಟೇ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಈಗಲೂ ಎದ್ದು ಕಾಣುತ್ತದೆ. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ, ಸುಮಾರು 151 ಟಿಎಂಸಿ ನೀರು. ಆಮೇಲೆ ಹೊಸನಗರದ ಕಡೆ ಚಕ್ರಾ, ಸಾವೇಹಕ್ಲು, ವಾರಾಹಿಗೆ ಮಾಣಿ ಅಣೆಕಟ್ಟು... ಒಂದು ನದಿಯ ಕಣಿವೆ ನೀರಿನ ಒಂದು ದೊಡ್ಡ ಹಸ್ತವಾಯಿತು, ಬೆರಳುಗಳು ಪ್ರತಿ ಹಳ್ಳದೊಳಗೂ ಚಾಚಿಕೊಂಡವು.

ಮುಳುಗಡೆಯ ಮನುಷ್ಯರ ಕಥೆ ನಮಗೆ ಗೊತ್ತು. ಸಾಗರದ ನಾ. ಡಿಸೋಜರು 'ಮುಳುಗಡೆ', 'ದ್ವೀಪ' ಬರೆದರು. ಗಿರೀಶ ಕಾಸರವಳ್ಳಿ 2002ರಲ್ಲಿ 'ದ್ವೀಪ'ವನ್ನು ಸಿನಿಮಾ ಮಾಡಿದರು. ಬೇರೆ ಊರಿಗೆ ಎಬ್ಬಿಸಿದ ಕುಟುಂಬಗಳ ಹಕ್ಕುಪತ್ರದ ಜಗಳ ಅರವತ್ತು ವರ್ಷ ಕಳೆದರೂ ವಿಧಾನಸೌಧದ ತನಕ ಹೋಗುತ್ತಲೇ ಇದೆ. ಆ ನೋವಿನ ಪಕ್ಕದಲ್ಲಿ ಕಾಡುಕುರಿಯ ಮಾತೆತ್ತುವುದು ಕೆಲವರಿಗೆ ಅಧಿಕಪ್ರಸಂಗ ಅನ್ನಿಸೀತು. ಆದರೆ ನೀರು ಏರಿದಾಗ ಗುಡ್ಡದ ನೆತ್ತಿಗಳು ನಡುಗಡ್ಡೆಗಳಾದದ್ದು ಎಲ್ಲ ಜೀವಿಗಳಿಗೂ ಹೌದಲ್ಲ. ತುಮರಿ ಕಡೆಯ ಜನ ಹತ್ತಾರು ವರ್ಷ ಲಾಂಚಿಗೆ ಕಾದು, 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಕಂಡರು. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ. ಕಾಡುಕುರಿ ಈಜಬಲ್ಲದು, ಕಿರಿದಾದ ಹಿನ್ನೀರಿನ ತೋಳನ್ನು ದಾಟೀತು. ಆದರೆ ಅಷ್ಟಗಲದ ಬಯಲು ನೀರು ಅದಕ್ಕೆ ದಿನನಿತ್ಯದ ದಾರಿಯಲ್ಲ. ನೀರಿಲ್ಲದ ಕಡೆ ರಸ್ತೆ, ಕರೆಂಟಿನ ಲೈನು, ಅಕೇಶಿಯಾ ತೋಪು.

1972ರಲ್ಲಿ ಶರಾವತಿ ಕಣಿವೆ ಅಭಯಾರಣ್ಯ ಆಯಿತು. ಅದೇ ವರ್ಷ ವನ್ಯಜೀವಿ ಕಾಯ್ದೆ ಬಂತು. 2019ರಲ್ಲಿ ಸಿಂಗಳೀಕದ ಹೆಸರಲ್ಲಿ ಅಭಯಾರಣ್ಯವನ್ನು ದೊಡ್ಡದು ಮಾಡಿದರು. ಸಿಂಗಳೀಕಕ್ಕೆ ಸಿಕ್ಕ ನೆರಳಿನಲ್ಲಿ ಕಾಡುಕುರಿಗೂ ಜಾಗ ಸಿಕ್ಕಿತು, ಅಷ್ಟು ಪುಣ್ಯ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವಿನ 2000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯ ವಾದ ವಿವಾದಗಳಲ್ಲೂ ಸಿಂಗಳೀಕದ ಹೆಸರೇ ಮುಂದೆ ಬಂತು.

* * *

ಘಟ್ಟದ ಕಾಡುಕುರಿಯ ಜೀನೋಮನ್ನೇ ಪ್ರತ್ಯೇಕವಾಗಿ ಓದಿ ಜೋಡಿಸಿದರೆ ಏನು ಸಿಗುತ್ತದೆ? ಬರೀ ಕುತೂಹಲಕ್ಕಾ? ಅಲ್ಲ.

ಒಂದು, ಹಳೆಯ ಚರಿತ್ರೆ. ಪ್ರತಿ ಪ್ರಾಣಿಯಲ್ಲೂ ಜೀನೋಮಿನ ಎರಡು ಪ್ರತಿ ಇರುತ್ತದೆ, ಅಮ್ಮನದೊಂದು, ಅಪ್ಪನದೊಂದು. ಎರಡರ ನಡುವಿನ ವ್ಯತ್ಯಾಸ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ಅಳೆದು, ಒಂದೇ ಒಂದು ಪ್ರಾಣಿಯಿಂದ ಅದರ ಪೂರ್ವಜರ ಸಂಖ್ಯೆ ಸಾವಿರಾರು, ಲಕ್ಷಾಂತರ ವರ್ಷಗಳಲ್ಲಿ ಏರಿಳಿದದ್ದನ್ನು ಲೆಕ್ಕ ಹಾಕುವ ವಿಧಾನವನ್ನು ಹೆಂಗ್ ಲೀ ಮತ್ತು ರಿಚರ್ಡ್ ಡರ್ಬಿನ್ 2011ರಲ್ಲಿ ತೋರಿಸಿದರು. ಶಾಸನವಿಲ್ಲದ, ಕೈಫಿಯತ್ತಿಲ್ಲದ ಜೀವಿಗೆ ಇದೇ ಶಾಸನ. ಮೈಟೋಕಾಂಡ್ರಿಯಾ ತಾಯಿಯ ಕಡೆಯ ಕಥೆ ಮಾತ್ರ ಹೇಳುತ್ತದೆ. ಮೂರು ಜಾತಿಯೋ ಒಂದೋ ಎಂಬ ಪ್ರಶ್ನೆಗೆ ಎರಡೂ ಕಡೆಯ ಸಾಕ್ಷಿ ಬೇಕು.

ಎರಡು, ಈಚಿನ ಚರಿತ್ರೆ. ನಮ್ಮಲ್ಲಿ ಮದುವೆಗೆ ಮುಂಚೆ ಗೋತ್ರ ಕೇಳುತ್ತಾರೆ. ನಡುಗಡ್ಡೆಯಂಥ ಕಾಡಿನಲ್ಲಿ ಸಿಕ್ಕಿಬಿದ್ದ ಕಾಡುಕುರಿಗೆ ಗೋತ್ರ ನೋಡಲು ಆಯ್ಕೆ ಎಲ್ಲಿದೆ? ನೆಂಟರೊಳಗೇ ಸಂತಾನ ಬೆಳೆದರೆ ಜೀನೋಮಿನ ಎರಡು ಪ್ರತಿಗಳೂ ಉದ್ದುದ್ದಕ್ಕೆ ಒಂದೇ ಥರ ಆಗುತ್ತವೆ. ಅಂಥ ಪಟ್ಟಿಗಳ ಉದ್ದ ನೋಡಿ, ನೆಂಟಸ್ತಿಕೆ ಎಷ್ಟು ತಲೆಮಾರಿನ ಹಿಂದಿನದು ಎಂದು ಅಂದಾಜು ಮಾಡಬಹುದು. ಉದ್ದದ್ದಾದರೆ ಈಚಿನದು, ತುಂಡು ತುಂಡಾದರೆ ಹಳೆಯದು. 1964ರಿಂದ ಈಚೆಗೆ ಮನುಷ್ಯರಲ್ಲಿ ಎರಡು ಮೂರು ತಲೆಮಾರು. ಕಾಡುಕುರಿಯಲ್ಲಿ ಹತ್ತಾರು. ಅಣೆಕಟ್ಟಿನ ಲೆಕ್ಕ ಅವುಗಳ ಮೈಯೊಳಗೇ ಬರೆದಿರುತ್ತದೆ.

ಇದು ಕನಸಿನ ಮಾತಲ್ಲ. ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ಉಮಾ ರಾಮಕೃಷ್ಣನ್ ಮತ್ತು ಅವರ ತಂಡ ಹುಲಿಗಳಲ್ಲಿ ಇದನ್ನೇ ಮಾಡಿ ತೋರಿಸಿದೆ. ಒಡಿಶಾದ ಸಿಮಿಲಿಪಾಲದ ಕಪ್ಪುಪಟ್ಟೆ ಹುಲಿಗಳ ಬಣ್ಣಕ್ಕೆ ಒಂದೇ ಜೀನಿನ ಒಂದು ಅಕ್ಷರದ ಬದಲಾವಣೆ ಕಾರಣ, ಬೇರೆ ಕಾಡಿನ ಸಂಪರ್ಕ ಇಲ್ಲದ ಸಣ್ಣ ಗುಂಪಾದ್ದರಿಂದ ಅದು ಅಲ್ಲಿ ಹಾಗೆ ಹೆಚ್ಚಿಕೊಂಡಿದೆ ಎಂದು 2021ರಲ್ಲಿ ಬರೆದರು. ರಣಥಂಬೋರದ ಹುಲಿಗಳಲ್ಲಿ ಒಳಸಂತಾನದ ಗುರುತುಗಳನ್ನು ತೋರಿಸಿದ್ದೂ ಅದೇ ವರ್ಷ. ಹುಲಿಗೆ ಆದದ್ದು ಹುಲಿ ತಿನ್ನುವ ಪ್ರಾಣಿಗೆ ಯಾಕಾಗಬಾರದು?

ಪೂರ್ತಿ ಜೋಡಿಸಲು ಒಳ್ಳೆಯ ರಕ್ತವೋ ತಾಜಾ ಅಂಗಾಂಶವೋ ಬೇಕು, ಅರಣ್ಯ ಇಲಾಖೆಯ ಅನುಮತಿ ಬೇಕು. ಅದಕ್ಕಾಗಿ ಪ್ರಾಣಿ ಕೊಲ್ಲಬೇಕಾಗಿಲ್ಲ, ರಸ್ತೆಯಲ್ಲಿ ಗಾಡಿಗೆ ಸಿಕ್ಕಿ ಸತ್ತದ್ದರಿಂದಲೂ ತೆಗೆಯಬಹುದು. ಒಂದು ಮೂಲಪ್ರತಿ ಸಿದ್ಧವಾದ ಮೇಲೆ ಉಳಿದವಕ್ಕೆ ಕಾಡಿನಲ್ಲಿ ಬಿದ್ದ ಹಿಕ್ಕೆಯೇ ಸಾಕು. ಹಿನ್ನೀರಿನ ಈ ದಂಡೆಯ ಹಿಕ್ಕೆ, ಆ ದಂಡೆಯ ಹಿಕ್ಕೆ ಹೋಲಿಸಿದರೆ ಇವೆರಡರ ನಡುವೆ ಓಡಾಟ ಇದೆಯಾ, ನಿಂತುಹೋಗಿದೆಯಾ ಗೊತ್ತಾಗುತ್ತದೆ. ಆಗ ಎಲ್ಲಿ ಸೊಪ್ಪಿನಬೆಟ್ಟ ಉಳಿಸಿಕೊಂಡರೆ ಎರಡು ಕಾಡು ಕೂಡುತ್ತವೆ, ಎಲ್ಲಿ ಅಕೇಶಿಯಾ ಕಡಿದ ಮೇಲೆ ಕಾಡು ಬರಲು ಬಿಡಬೇಕು ಎಂದು ಬೆರಳಿಟ್ಟು ತೋರಿಸಬಹುದು. ಬರೇ "ಕಾಡು ಉಳಿಸಿ" ಅನ್ನುವುದಕ್ಕಿಂತ ಇದು ಗಟ್ಟಿ ಮಾತಲ್ವಾ?

ಕಾಡುಕುರಿಯ ಆರು ಎಳೆಗಳನ್ನು ಎಣಿಸಿ ಜಗತ್ತು ಬೆರಗಾದದ್ದು ಲಿಂಗನಮಕ್ಕಿ ತುಂಬಿ ಆರು ವರ್ಷಕ್ಕೆ. ಆವತ್ತಿನಿಂದ ಇವತ್ತಿನ ತನಕ ಆ ಪ್ರಾಣಿಯಿಂದ ವಿಜ್ಞಾನ ಬಹಳ ಕಲಿತಿದೆ. 15 ಲಕ್ಷ ವರ್ಷ ಪ್ರತ್ಯೇಕವಾಗಿ ಬಾಳಿದ ನಮ್ಮ ಕವಲಿಗೆ ಅದರ ಸ್ವಂತ ಹೆಸರಿನಲ್ಲಿ ಒಂದು ಸಾಲು, ಅದರ ಸ್ವಂತ ಲೆಕ್ಕ ಸಿಗಬೇಕು ಎಂಬುದಷ್ಟೇ ನನ್ನ ಮಾತು. 'ಚಿಂತೆಯಿಲ್ಲ' ಅನ್ನುವುದಾದರೂ ನಮ್ಮದನ್ನು ಎಣಿಸಿ ಹೇಳಲಿ.

ಅಂದಹಾಗೆ, ನಿಮ್ಮೂರ ಕಡೆ ಇದನ್ನು ಏನಂತ ಕರೆಯುತ್ತಾರೆ? ಸಂಜೆ ಹೊತ್ತು ಈಗಲೂ ಬೊಗಳುವುದು ಕೇಳುತ್ತದಾ, ಅಥವಾ ಹಿರಿಯರ ಬಾಯಲ್ಲಿ ಮಾತ್ರವಾ? ಯಾವ ಊರು, ಯಾವ ವರ್ಷದ ತನಕ ಕೇಳಿದ್ದು ಅಂತ ನೆನಪಿದ್ದವರು ಬರೆದಿಡಿ. ಬುರುಡೆಗೆ ಕಟ್ಟಿದ ಚೀಟಿಯಲ್ಲಿ ಊರಿನ ಹೆಸರು ಬರೆದವರಿಗೂ, ಅದು ಮುಂದೆ ಏನಕ್ಕೆ ಬರುತ್ತದೆ ಅಂತ ಗೊತ್ತಿರಲಿಲ್ಲ.